ನಡೆಯದ ಯುದ್ಧಕ್ಕೆ ಸಾಕ್ಷ್ಯಚಿತ್ರದ ಆಸ್ಕರ್

ಸಂಪಾದಕರ ಉತ್ತರ

(ಕಾರವಾರದ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ಬರೆದ ಪತ್ರದ ಸಾರ: "ಬ್ರಿಟಿಷ್ ನಿರ್ದೇಶಕ ಪೀಟರ್ ವಾಟ್ಕಿನ್ಸ್ ತೀರಿಕೊಂಡಾಗ ನೀವು ಬರೆದ ಲೇಖನ ಓದಿ ಅವರ 'ದಿ ವಾರ್ ಗೇಮ್' ನೋಡಿದೆ. ಬ್ರಿಟನ್ನಿನ ಮೇಲೆ ಅಣುಬಾಂಬು ಬಿದ್ದಂತೆ ತೋರಿಸುವ ಈ ಚಿತ್ರದಲ್ಲಿ ನಿಜವಾಗಿ ನಡೆದದ್ದು ಒಂದೂ ಇಲ್ಲ. ಆದರೂ ಅದಕ್ಕೆ ಸಾಕ್ಷ್ಯಚಿತ್ರದ ಆಸ್ಕರ್! ಸುದ್ದಿಯ ವೇಷ ತೊಟ್ಟ ಈ ಕಟ್ಟುಕಥೆಗೂ ದಿನಾ ವಾಟ್ಸಾಪ್‌ಗೆ ಬಂದು ಬೀಳುವ ಎಐ ವಿಡಿಯೋಗಳಿಗೂ ಏನು ವ್ಯತ್ಯಾಸ? ಬಾಂಬಿನ ವಿರುದ್ಧ ಇದೆಯೆಂಬ ಒಂದೇ ಕಾರಣಕ್ಕೆ ವಿಮರ್ಶಕರು ಅದನ್ನು ಹೊತ್ತು ಮೆರೆಸಿದರು. ಪ್ರಸಾರ ಮಾಡುವುದಿಲ್ಲ ಎಂದ ಬಿಬಿಸಿಯೇ ಸರಿ. ನಾಳೆ ಯಾರಾದರೂ ನಮ್ಮ ಕೈಗಾ ಸ್ಥಾವರ ಸಿಡಿದಂತೆ ಹೀಗೊಂದು ಚಿತ್ರ ಮಾಡಿದರೆ ಜನ ದಿಗಿಲು ಬೀಳುತ್ತಾರೆ; ಅದನ್ನೂ ಹೊಗಳುತ್ತೀರಾ?")

ಮಾನ್ಯ ಮಾಸ್ತರರೇ,

ಚಿತ್ರ ನೋಡದೆಯೇ ಅದರ ಬಗ್ಗೆ ಜಗಳಕ್ಕೆ ಬರುವವರ ಪತ್ರಗಳೇ ನಮಗೆ ಹೆಚ್ಚು. ನೀವು ನೋಡಿ, ಟಿಪ್ಪಣಿ ಮಾಡಿಕೊಂಡು, ಆಮೇಲೆ ಬೈದಿದ್ದೀರಿ. ಹಾಗಾಗಿ ಎರಡು ಸಾಲಿನ ಧನ್ಯವಾದ ಹಾಕಿ ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ನಿಮ್ಮ ಮಾತುಗಳಲ್ಲಿ ಒಂದನ್ನು ಪೂರ್ತಿ ಒಪ್ಪುತ್ತೇನೆ, ಇನ್ನೊಂದನ್ನು ಅರ್ಧ. ಉಳಿದವುಗಳ ಬಗ್ಗೆ ನನ್ನ ತಕರಾರು ಇದೆ.

ಚಿತ್ರ ನೋಡದ ಓದುಗರಿಗಾಗಿ ಸ್ವಲ್ಪ ಹಿನ್ನೆಲೆ. 1965ರಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಟನ್‌ಬ್ರಿಜ್, ಗ್ರೇವ್ಸೆಂಡ್, ಚಾಟಮ್, ಡೋವರ್ ಊರುಗಳಲ್ಲಿ ಬಿಬಿಸಿಯ ಹಣದಲ್ಲೇ ತಯಾರಾದ, ಮುಕ್ಕಾಲು ಗಂಟೆಗಿಂತ ತುಸು ಹೆಚ್ಚಿನ ಕಪ್ಪುಬಿಳುಪು ಚಿತ್ರ ಇದು. ವಾಟ್ಕಿನ್ಸ್‌ಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಹಿಂದಿನ ವರ್ಷವಷ್ಟೇ ಅವರು 1746ರಲ್ಲಿ ಸ್ಕಾಟ್ಲೆಂಡಿನಲ್ಲಿ ನಡೆದ ಕಲೋಡನ್ ಕದನವನ್ನು, ಟಿವಿ ವರದಿಗಾರರು ಅಂದು ರಣರಂಗದಲ್ಲೇ ಇದ್ದರೇನೋ ಎಂಬಂತೆ ಚಿತ್ರಿಸಿ ಹೆಸರು ಮಾಡಿದ್ದರು. ಸೈನಿಕ ಕ್ಯಾಮೆರಾದತ್ತ ತಿರುಗಿ ಉತ್ತರ ಕೊಡುತ್ತಾನೆ, ಕ್ಯಾಮೆರಾ ಹೊತ್ತವನು ಎಡವುತ್ತಾನೆ. ಅದೇ ತಂತ್ರವನ್ನು ಹಿಂದಿನ ಕಾಲದಿಂದ ಎತ್ತಿ ನಾಳೆಯ ಮೇಲೆ ಇಟ್ಟದ್ದು 'ದಿ ವಾರ್ ಗೇಮ್'. ವಿಯೆಟ್ನಾಂನಲ್ಲಿ ಹೊತ್ತಿದ ಬಿಕ್ಕಟ್ಟು ಬರ್ಲಿನ್‌ಗೆ ಹರಡುತ್ತದೆ, ರಷ್ಯಾದ ಒಂದು ಮೆಗಾಟನ್ ಕ್ಷಿಪಣಿ ಗುರಿ ತಪ್ಪಿ ಕೆಂಟ್‌ನಲ್ಲಿ ಸಿಡಿಯುತ್ತದೆ. ರಾಜಕೀಯದ ಈ ಪೀಠಿಕೆ ಅವಸರದ್ದು, ಸಪ್ಪೆ. ಚಿತ್ರಕ್ಕೆ ಜೀವ ಬರುವುದು ಅದು ಊರಿನೊಳಗೆ ಕಾಲಿಟ್ಟ ಮೇಲೆ. ನಟರೆಲ್ಲ ಆ ಊರುಗಳ ಸಾಮಾನ್ಯ ಜನ. ಬೇರೆ ಕಡೆಯಿಂದ ಸ್ಥಳಾಂತರಗೊಂಡವರಿಗೆ ಮನೆಯಲ್ಲಿ ಜಾಗ ಕೊಡಲೇಬೇಕೆಂದು ಅಧಿಕಾರಿ ಬಾಗಿಲಿಗೆ ಬರುತ್ತಾನೆ. ಆ ಮನೆಯ ಗೃಹಿಣಿ ಕೇಳುವುದು, ಬರುವವರು ಕರಿಯರಾ ಅಂತ. ಬಾಂಬು ಇನ್ನೂ ಬಿದ್ದಿಲ್ಲ!

ಈಗ ಆಸ್ಕರ್ ವಿಷಯ. 1967ರ ಏಪ್ರಿಲ್‌ನಲ್ಲಿ ಆ ಪ್ರಶಸ್ತಿ ಕೊಟ್ಟವರಿಗೆ ಕೆಂಟ್ ಸುಟ್ಟು ಬೂದಿಯಾಗಿಲ್ಲ ಎಂಬುದು ಗೊತ್ತಿರಲಿಲ್ಲವೇ? ಅಲ್ಲಿ ಮೋಸಹೋದವರು ಯಾರೂ ಇಲ್ಲ. ಬ್ರಿಟಿಷ್ ಚಲನಚಿತ್ರ ಅಕಾಡೆಮಿ (ಬಾಫ್ಟಾ) ಇದೇ ಚಿತ್ರಕ್ಕೆ ಕಿರುಚಿತ್ರದ ಬಹುಮಾನ ಕೊಟ್ಟಿತು, ಅಮೆರಿಕದವರು ಪೂರ್ಣಾವಧಿ ಸಾಕ್ಷ್ಯಚಿತ್ರವೆಂದರು, ವೆನಿಸ್ ಚಿತ್ರೋತ್ಸವದವರು ಅದಕ್ಕೂ ಮುಂಚೆಯೇ ವಿಶೇಷ ಬಹುಮಾನ ಎಂದು ಕೊಟ್ಟು ಯಾವ ಪಂಗಡ ಎನ್ನುವ ತಲೆನೋವಿನಿಂದ ತಪ್ಪಿಸಿಕೊಂಡಿದ್ದರು. ಎಲ್ಲಿ ಇಡಬೇಕೆಂದು ಯಾರಿಗೂ ಬಗೆಹರಿಯಲಿಲ್ಲ ಎನ್ನುವುದಷ್ಟೇ ಇದರ ಅರ್ಥ. ಆದ್ದರಿಂದ ಪ್ರಶಸ್ತಿಯ ಹಲಗೆಯನ್ನು ಬದಿಗಿಡೋಣ. ಚಿತ್ರದ ಒಳಗೇ ನೋಡೋಣ.

"ನಿಜವಾಗಿ ನಡೆದದ್ದು ಒಂದೂ ಇಲ್ಲ" ಎಂದು ಬರೆದಿದ್ದೀರಿ. ನನ್ನ ಮುಖ್ಯ ತಕರಾರು ಇಲ್ಲೇ. ಈ ಚಿತ್ರದಲ್ಲಿ ಎರಡು ಬಗೆಯ ದೃಶ್ಯಗಳಿವೆ. ಒಂದು, ಅಲುಗಾಡುವ ಕ್ಯಾಮೆರಾ, ಹೊಗೆ, ಚೀರಾಟ, ಅರ್ಧಕ್ಕೇ ನಿಂತುಹೋಗುವ ಮಾತು. ನೋಡಿದರೆ ಅಪ್ಪಟ ಸುದ್ದಿ ತುಣುಕು. ಇನ್ನೊಂದು, ಅಚ್ಚುಕಟ್ಟಾಗಿ ದೀಪ ಹಾಕಿ, ನಿಲುವಂಗಿ ತೊಟ್ಟ ಬಿಷಪ್ಪನನ್ನೋ ಕೋಟು ತೊಟ್ಟ ರಣತಂತ್ರ ಪಂಡಿತನನ್ನೋ ನಿಲ್ಲಿಸಿ ಮಾತಾಡಿಸಿದ್ದು. ಅವರ ಮಾತು ಕೇಳಿದರೆ ಯಾರೋ ವ್ಯಂಗ್ಯಕ್ಕೆ ಬರೆದುಕೊಟ್ಟಿದ್ದಾರೆ ಅನ್ನಿಸುತ್ತದೆ. ಧರ್ಮಗುರುವೊಬ್ಬ ಅಣ್ವಸ್ತ್ರವನ್ನು ಹೀಗೆ ಸಮರ್ಥಿಸುವುದುಂಟೇ ಎಂದು ನೀವೂ ಅಂದುಕೊಂಡಿರುತ್ತೀರಿ. ವಸ್ತುಸ್ಥಿತಿ ತಿರುಗುಮುರುಗು. ಸುದ್ದಿಯಂತೆ ಕಾಣುವ ಮೊದಲ ಬಗೆಯದೆಲ್ಲ ಕಲ್ಪನೆ. ನಾಟಕದಂತೆ ಕಾಣುವ ಎರಡನೆಯದರಲ್ಲಿ ಆ ಕಾಲದ ದೊಡ್ಡವರು ನಿಜವಾಗಿ ಆಡಿದ್ದ, ಅಚ್ಚಾಗಿದ್ದ ಮಾತುಗಳು. ಆಡಿಸಿದ್ದು ನಟರಿಂದ, ಅಷ್ಟೇ. ಇವೆರಡರ ನಡುವೆ ಮೂರನೆಯದೂ ಒಂದಿದೆ: ಬೀದಿಯಲ್ಲಿ ಹೋಗುವವರನ್ನು ನಿಲ್ಲಿಸಿ, ಕಾರ್ಬನ್-14 (ಅಣುಸ್ಫೋಟದಲ್ಲಿ ಹುಟ್ಟುವ ವಿಕಿರಣಶೀಲ ಇಂಗಾಲ) ಅಂದರೆ ಗೊತ್ತೇ ಎಂದು ಕೇಳಿದ್ದು. ತಡವರಿಸುವ ಆ ಉತ್ತರಗಳು ಯಾರೂ ಬರೆದುಕೊಟ್ಟವಲ್ಲ. ತಮ್ಮ ತೆರಿಗೆ ಹಣದಲ್ಲಿ ತಯಾರಾಗುತ್ತಿದ್ದ ಅಸ್ತ್ರ ಏನು ಮಾಡುತ್ತದೆಂದು ಜನರಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಕಣ್ಣಿಗೆ ನಿಜ ಕಂಡದ್ದು ಕಲ್ಪನೆ, ಕಲ್ಪನೆ ಕಂಡದ್ದು ನಿಜ. ಹುಚ್ಚು ಎಲ್ಲಿದೆ, ಉರಿಯುವ ಬೀದಿಯಲ್ಲೋ ಶಾಂತವಾಗಿ ಮಾತಾಡುವ ಆ ಕೋಣೆಯಲ್ಲೋ ಎಂದು ಕೇಳುವುದೇ ನಿರ್ದೇಶಕರ ಉದ್ದೇಶ. ಈ ಹೆಣಿಗೆ ಬಿಚ್ಚಿ ಹೇಳಿದ ವಿಮರ್ಶಕರು ಆ ಹೊತ್ತಿನಲ್ಲಿ ಬಹಳ ಇರಲಿಲ್ಲ ಎನ್ನುವುದು ನನ್ನ ದೂರು.

ಕಲ್ಪನೆಯ ಭಾಗವೂ ಗಾಳಿಯಿಂದ ಹಿಡಿದದ್ದಲ್ಲ. ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ತುತ್ತಾದ ಜರ್ಮನಿಯ ಹ್ಯಾಂಬರ್ಗ್, ಡ್ರೆಸ್ಡೆನ್, ಡಾರ್ಮ್‌ಸ್ಟಾಟ್, ಜಪಾನಿನ ಹಿರೋಶಿಮಾ, ನಾಗಸಾಕಿಗಳಲ್ಲಿ ದಾಖಲಾದದ್ದನ್ನು ವಾಟ್ಕಿನ್ಸ್ ಕೆಂಟ್‌ಗೆ ತಂದು ಕೂರಿಸಿದ್ದಾರೆ. ಊರೇ ಒಂದು ಒಲೆಯಾಗಿ ಸುತ್ತಲಿನ ಗಾಳಿಯನ್ನು ಗಂಟೆಗೆ 100 ಮೈಲಿಗೂ ಮೀರಿದ ವೇಗದಲ್ಲಿ ಒಳಗೆಳೆದುಕೊಳ್ಳುವುದು, ಬೆಂಕಿ ನಂದಿಸಲು ಹೋದವರು ಸುಡುವ ಮೊದಲೇ ಉಸಿರುಕಟ್ಟಿ ಕುಸಿಯುವುದು, ಇವೆಲ್ಲ ಜರ್ಮನಿಯಲ್ಲಿ ಆಗಿಹೋಗಿದ್ದ ಸಂಗತಿಗಳು. ವಿಜ್ಞಾನ ಕಲಿಸಿದವರು ನೀವು. ಆ ದೃಶ್ಯದ ಭೌತಶಾಸ್ತ್ರದಲ್ಲಿ ತಪ್ಪು ಹಿಡಿದಿಲ್ಲ ಎಂಬುದನ್ನು ಗಮನಿಸಿದ್ದೇನೆ. ನಿಮಗೆ ಅಸಹ್ಯವೆನಿಸಿದ ಬಕೆಟ್ಟಿನ ದೃಶ್ಯವನ್ನೇ ತೆಗೆದುಕೊಳ್ಳಿ. ಗುರುತು ಸಿಗದಷ್ಟು ಸುಟ್ಟ ಹೆಣಗಳ ಬೆರಳಿನಿಂದ ಮದುವೆಯ ಉಂಗುರ ಬಿಚ್ಚಿ ಬಕೆಟ್ಟಿಗೆ ಹಾಕುತ್ತಾರೆ. ಉಂಗುರದ ಒಳಮೈಯಲ್ಲಿ ಹೆಸರೋ ತಾರೀಖೋ ಕೆತ್ತಿದ್ದರೆ ಸತ್ತವರು ಯಾರೆಂದು ಆಮೇಲಾದರೂ ತಿಳಿಯಲಿ ಎಂದು. ಬಕೆಟ್ ತುಂಬಿದೆ. ಇದು ಚಿತ್ರಕಥೆ ಬರೆಯುವವನಿಗೆ ಹೊಳೆದದ್ದಲ್ಲ. ಡ್ರೆಸ್ಡೆನ್‌ನಲ್ಲಿ ಮಾಡಿದ್ದು. ಹೆಣಗಳನ್ನು ಹೀಗೆ ವಿಲೇವಾರಿ ಮಾಡಿದ್ದು ಕಳೆದ ಯುದ್ಧದಲ್ಲಿ ಜರ್ಮನಿಯಲ್ಲಿ ನಡೆದದ್ದೇ ಎಂದು ನಿರೂಪಕ ಬಾಯಿಬಿಟ್ಟು ಹೇಳುತ್ತಾನೆ ಕೂಡ.

ನಿಮ್ಮ ವಾಟ್ಸಾಪ್ ಪ್ರಶ್ನೆಗೆ ನನ್ನ ಉತ್ತರ ಇದರಲ್ಲೇ ಇದೆ. ಎಐ ವಿಡಿಯೋ ಮಾಡಿದವನಿಗೆ ಬೇಕಾದದ್ದು, ಇದು ನಿನ್ನೆ ನಡೆಯಿತು ಎಂದು ನೀವು ನಂಬುವುದು. ಯಾರು ಮಾಡಿದ್ದು, ಎಲ್ಲಿಂದ ತಂದದ್ದು ಎಂದು ತಿಳಿದ ಕೂಡಲೇ ಅದರ ಆಟ ಮುಗಿಯಿತು. ವಾಟ್ಕಿನ್ಸ್ ಮಾತ್ರ, ಹೀಗಾಗಬಹುದು, ಹೀಗಾದರೆ ಹೀಗಾದೀತು ಎಂದು ನಿರೂಪಕನಿಂದ ಹೇಳಿಸುತ್ತ, ಯಾವ ಆಧಾರದ ಮೇಲೆ ಎನ್ನುವುದನ್ನೂ ಜೊತೆಗಿಡುತ್ತಾರೆ. ಮೂಲ ತಿಳಿದಷ್ಟೂ ಚಿತ್ರದ ಬಲ ಹೆಚ್ಚುತ್ತದೆ.

ಇಲ್ಲಿ ನಿಮಗೆ ಅರ್ಧ ಒಪ್ಪಿಗೆ. ಇಬ್ಬರು ನಿರೂಪಕರಲ್ಲಿ ಒಬ್ಬರಾದ ಮೈಕೆಲ್ ಆಸ್ಪೆಲ್ ಆಗ ಬಿಬಿಸಿಯ ಸುದ್ದಿವಾಚಕರು. ಜನ ದಿನಾ ನಂಬುತ್ತಿದ್ದ ದನಿಯನ್ನೇ ತಂದು ಕೂರಿಸಿದ್ದು ಪುಸಲಾಯಿಸುವ ಕೆಲಸವೇ ಸರಿ. "ಆದೀತು" ಎಂದು ಶುರುವಾದ ವಾಕ್ಯ ಕೆಲವೆಡೆ ಸದ್ದಿಲ್ಲದೆ "ಆಗುತ್ತಿದೆ"ಗೆ ಜಾರುವುದನ್ನೂ ನೀವು ಸರಿಯಾಗಿಯೇ ಹಿಡಿದಿದ್ದೀರಿ. ಗಾಬರಿಯಲ್ಲಿ ಕೂತ ಪ್ರೇಕ್ಷಕ ಕ್ರಿಯಾಪದದ ಕಾಲ ನೋಡುತ್ತಾ ಕೂರುವುದಿಲ್ಲ, ನಿರ್ದೇಶಕರಿಗೆ ಅದು ಗೊತ್ತಿತ್ತು.

ವಿಮರ್ಶಕರು ಹೊತ್ತು ಮೆರೆಸಿದರು ಎಂಬುದು ಮಾತ್ರ ಅರ್ಧಂಬರ್ಧ ನಿಜ. 1966ರ ಫೆಬ್ರವರಿಯಲ್ಲಿ ಲಂಡನ್ನಿನ ನ್ಯಾಷನಲ್ ಫಿಲ್ಮ್ ಥಿಯೇಟರ್‌ನಲ್ಲಿ ಆಹ್ವಾನಿತರಿಗಷ್ಟೇ ಪ್ರದರ್ಶನ ನಡೆಯಿತು. 'ಅಬ್ಸರ್ವರ್'ನಲ್ಲಿ ಕೆನೆತ್ ಟೈನನ್, ಇದುವರೆಗೆ ಬಂದ ಚಿತ್ರಗಳಲ್ಲೇ ಬಹುಶಃ ಅತಿ ಮುಖ್ಯವಾದದ್ದು ಇದೇ, ಸಾಕಷ್ಟು ಜನ ನೋಡುವಂತಾದರೆ ಚರಿತ್ರೆಯ ದಿಕ್ಕನ್ನೇ ಬದಲಿಸೀತು ಎಂಬರ್ಥದಲ್ಲಿ ಬರೆದರು. ಇವತ್ತಿಗೂ ಎಲ್ಲರೂ ಎತ್ತಿ ಆಡುವ ಮಾತು ಅದು. ನನ್ನ ಕೇಳಿದರೆ ಅದು ಜಯಕಾರ, ವಿಮರ್ಶೆಯಲ್ಲ; ಚಿತ್ರ ಹೇಗೆ ಕಟ್ಟಲ್ಪಟ್ಟಿದೆ ಎಂಬುದರ ಬಗ್ಗೆ ಅದರಲ್ಲಿ ಏನೂ ಇಲ್ಲ. ಆದರೆ ಅದೇ ವಾರ ಇತರ ಹಲವು ಪತ್ರಿಕೆಗಳು, ಚಿತ್ರ ಅದ್ಭುತವೇ ಇರಬಹುದು, ಮನೆಯ ಟಿವಿಯಲ್ಲಿ ಬೇಡ ಎಂದು ಬಿಬಿಸಿಯ ಬೆನ್ನಿಗೆ ನಿಂತವು. ಅಣ್ವಸ್ತ್ರ ವಿರೋಧಿ ಚಳವಳಿಯ ಪ್ರಚಾರ ಎಂದು ಮೂಗು ಮುರಿದವರೂ ಇದ್ದರು. ಪತ್ರಕರ್ತರೇ ಒಂದು ಚಿತ್ರವನ್ನು ಮೆಚ್ಚಿ, ಅದನ್ನು ಓದುಗರ ಕೈಗೆ ಸಿಗದಂತೆ ಇಡಿ ಎಂದರೆ ಏನನ್ನೋಣ?

ಬಿಬಿಸಿಯೇ ಸರಿ ಎಂದಿರಲ್ಲ, ಈ ಭಾಗವನ್ನು ಸ್ವಲ್ಪ ಸಾವಧಾನವಾಗಿ ಓದಿ. 1965ರ ನವೆಂಬರ್ 26ರಂದು ಬಿಬಿಸಿ ಕೊಟ್ಟ ಕಾರಣ, ಪ್ರಸಾರ ಮಾಧ್ಯಮಕ್ಕೆ ಈ ಚಿತ್ರ ತೀರಾ ಭೀಕರ ಎಂಬುದು. ಮಕ್ಕಳು, ತೀರಾ ವಯಸ್ಸಾದವರು, ಮನಸ್ಸು ದುರ್ಬಲವಾದವರು ನೋಡಿಬಿಟ್ಟರೆ ಎಂಬ ಕಾಳಜಿ. ತೀರ್ಮಾನ ನಮ್ಮದೇ, ಸರ್ಕಾರದ ಕೈವಾಡ ಇಲ್ಲ ಎಂದೂ ಹೇಳಿದರು. ಕಾಳಜಿ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಕಡತಗಳು ಹೊರಬಿದ್ದ ಮೇಲೆ ತಿಳಿದ ಕಥೆ ಬೇರೆ. ಆಗ ಬಿಬಿಸಿಯ ಅಧ್ಯಕ್ಷರಾಗಿದ್ದ ಲಾರ್ಡ್ ನಾರ್ಮನ್‌ಬ್ರೂಕ್ ಹಿಂದೆ ಸ್ವತಃ ಸಂಪುಟ ಕಾರ್ಯದರ್ಶಿಯಾಗಿದ್ದವರು. ಸೆಪ್ಟೆಂಬರ್‌ನಲ್ಲೇ ಅವರು ಆಗಿನ ಸಂಪುಟ ಕಾರ್ಯದರ್ಶಿ ಬರ್ಕ್ ಟ್ರೆಂಡ್‌ಗೆ ಕಾಗದ ಬರೆದರು. ಚಿತ್ರ ಪ್ರಚಾರಕ್ಕಾಗಿ ಮಾಡಿದ್ದಲ್ಲ, ಸಂಗತಿಗಳನ್ನೇ ಆಧರಿಸಿದೆ, ಆದರೆ ಟಿವಿಯಲ್ಲಿ ತೋರಿಸಿದರೆ ಅಣ್ವಸ್ತ್ರ ನೀತಿಯ ಬಗ್ಗೆ ಜನರ ಧೋರಣೆ ಗಣನೀಯವಾಗಿ ಬದಲಾದೀತು ಎಂಬುದು ಅದರ ಒಟ್ಟು ತಾತ್ಪರ್ಯ. ಅದೇ ತಿಂಗಳು ಗೃಹ ಇಲಾಖೆ, ರಕ್ಷಣಾ ಇಲಾಖೆಗಳ ಅಧಿಕಾರಿಗಳನ್ನು ಕೂರಿಸಿ ಚಿತ್ರ ತೋರಿಸಿದರು.

ಮಾಸ್ತರರೇ, 'ದಿ ವಾರ್ ಗೇಮ್' ಬಗ್ಗೆ ಬಂದ ವಿಮರ್ಶೆಗಳಲ್ಲಿ ಅತಿ ನಿಖರವಾದದ್ದು ಈ ಗುಟ್ಟಿನ ಕಾಗದವೇ. ಹೊರಗೆ ಸುಳ್ಳು-ನಿಜದ ವಾದ ನಡೆಯುತ್ತಿದ್ದಾಗ, ಚಿತ್ರ ಸಂಗತಿಗಳ ಮೇಲೆ ನಿಂತಿದೆ ಎಂದು ಬರೆದು ಒಪ್ಪಿದವರು ಅದನ್ನು ತಡೆದವರೇ! ನೀವು ಪತ್ರದಲ್ಲಿ ಎತ್ತಿದ ಆಕ್ಷೇಪ ಅವರದ್ದಾಗಿರಲಿಲ್ಲ. ಕಟ್ಟುಕಥೆ ಎಂಬ ಕಾರಣಕ್ಕೆ ಅವರು ಹೆದರಿದ್ದಲ್ಲ.

ಪೂರ್ತಿ ಮುಚ್ಚಿಟ್ಟರೆ ಕೆಟ್ಟ ಹೆಸರು, ತೋರಿಸಿದರೆ ಸರ್ಕಾರಕ್ಕೆ ಇರುಸುಮುರುಸು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ, ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಮೂಲಕ ಚಿತ್ರಮಂದಿರಗಳಿಗೆ ಬಿಟ್ಟು ಟಿವಿಗೆ ಮಾತ್ರ ಬೀಗ ಹಾಕಿದರು. ವಾಟ್ಕಿನ್ಸ್ ಬಿಬಿಸಿ ಬಿಟ್ಟರು. ಕೊನೆಗೆ ಚಿತ್ರ ಬಿಬಿಸಿಯಲ್ಲಿ ಪ್ರಸಾರವಾದದ್ದು 1985ರ ಜುಲೈ 31ರಂದು, ಹಿರೋಶಿಮಾದ ನಲವತ್ತನೇ ವರ್ಷದ ಹೊಸ್ತಿಲಲ್ಲಿ. ಅಷ್ಟು ಹೊತ್ತಿಗೆ ಬಿಬಿಸಿಯೇ ಶೆಫೀಲ್ಡ್ ನಗರದ ಮೇಲೆ ಬಾಂಬು ಬೀಳುವ 'ಥ್ರೆಡ್ಸ್' ಚಿತ್ರವನ್ನು 1984ರಲ್ಲಿ ತೋರಿಸಿಯಾಗಿತ್ತು. ಅದು ಇದಕ್ಕಿಂತ ಇನ್ನಷ್ಟು ನಿರ್ದಯ ಚಿತ್ರ. ಇಪ್ಪತ್ತು ವರ್ಷದಲ್ಲಿ ಮುದುಕರ, ಮಕ್ಕಳ ಎದೆ ಅಷ್ಟು ಗಟ್ಟಿಯಾಯಿತೇ?

ನಮ್ಮಲ್ಲೂ ಇಂಥದ್ದು ನಡೆದಿದೆ. ಆನಂದ್ ಪಟವರ್ಧನ್ ಅವರ 'ವಾರ್ ಆ್ಯಂಡ್ ಪೀಸ್' ಪೋಖ್ರಾನ್ ಪರೀಕ್ಷೆಗಳ ನಂತರದ ಭಾರತ-ಪಾಕಿಸ್ತಾನಗಳನ್ನು ಕುರಿತದ್ದು, ಕಲ್ಪನೆಯ ಸೋಂಕೇ ಇಲ್ಲದ ಸಾಕ್ಷ್ಯಚಿತ್ರ. ಅದಕ್ಕೂ ಸೆನ್ಸಾರ್ ಮಂಡಳಿ ಕತ್ತರಿ ಹಿಡಿದು ನಿಂತಿತು. 2003ರಲ್ಲಿ ಬಾಂಬೆ ಹೈಕೋರ್ಟ್ ಕತ್ತರಿ ಬೇಡ ಎಂದಿತು. ಕಲ್ಪನೆ ಬೆರೆತರೆ ಸುಳ್ಳು ಎನ್ನುತ್ತಾರೆ, ಬೆರೆಯದಿದ್ದರೆ ಪ್ರಚೋದನೆ ಎನ್ನುತ್ತಾರೆ.

ಇನ್ನು ನಾನು ಪೂರ್ತಿ ಒಪ್ಪುವ ಮಾತು: ಚಿತ್ರದ ಗುರಿ ತಮಗೆ ಹಿಡಿಸಿದರೆ ವಿಮರ್ಶಕರು ರೂಪದ ತಪ್ಪನ್ನು ಮನ್ನಿಸುತ್ತಾರೆ. ಹೌದು. ವಾಟ್ಕಿನ್ಸ್ ಬದುಕಿನಲ್ಲೇ ಇದಕ್ಕೆ ಪುರಾವೆ ಇದೆ, ಆದರೆ ಅದು ನೀವು ಹೇಳಿದ್ದಕ್ಕೆ ಎದುರು ದಿಕ್ಕಿನಿಂದ ಬರುತ್ತದೆ. 1971ರಲ್ಲಿ ಅವರು ಅಮೆರಿಕದಲ್ಲಿ 'ಪನಿಷ್‌ಮೆಂಟ್ ಪಾರ್ಕ್' ಮಾಡಿದರು. ಯುದ್ಧ ವಿರೋಧಿ ಯುವಜನರನ್ನು ನ್ಯಾಯಮಂಡಳಿಯೊಂದು ವಿಚಾರಣೆ ಮಾಡಿ, ಜೈಲೋ ಅಥವಾ ಕ್ಯಾಲಿಫೋರ್ನಿಯಾ ಮರುಭೂಮಿಯಲ್ಲಿ ಮೂರು ದಿನದ ಓಟವೋ ಎಂದು ಆಯ್ಕೆ ಕೊಡುತ್ತದೆ. ನೀರಿಲ್ಲದೆ, ಬೆನ್ನಟ್ಟುವ ಪೊಲೀಸರಿಂದ ತಪ್ಪಿಸಿಕೊಂಡು ದೂರದ ರಾಷ್ಟ್ರಧ್ವಜ ಮುಟ್ಟಿದರೆ ಬಿಡುಗಡೆ. ಇದೂ ಕಾಲ್ಪನಿಕ, ಆದರೆ ಅದಕ್ಕೆ ಆಧಾರವಾದ 1950ರ ಆಂತರಿಕ ಭದ್ರತಾ ಕಾಯ್ದೆ ನಿಜವಾಗಿ ಇದ್ದದ್ದು. ವಿಚಾರಣೆಯ ದೃಶ್ಯಗಳಲ್ಲಿ ಬಹುಪಾಲು ಜನ ತಮ್ಮ ಸ್ವಂತ ಅಭಿಪ್ರಾಯವನ್ನೇ ಸ್ಥಳದಲ್ಲೇ ಕಟ್ಟಿ ಆಡಿದರು. ರಾಜಕೀಯ ಪೀಠಿಕೆಯ ಜಾಳುತನ ಇದರಲ್ಲಿಲ್ಲ. ನನ್ನ ಮಟ್ಟಿಗೆ ಇದು 'ದಿ ವಾರ್ ಗೇಮ್'ಗಿಂತ ಗಟ್ಟಿ ಚಿತ್ರ. ಆದರೆ ನ್ಯೂಯಾರ್ಕ್ ಟೈಮ್ಸ್‌ನ ವಿನ್ಸೆಂಟ್ ಕ್ಯಾನ್‌ಬಿ, ತನ್ನನ್ನೇ ಹಿಂಸಿಸಿಕೊಂಡು ಸುಖಪಡುವವನ ಕನಸು ಎಂಬರ್ಥದಲ್ಲಿ ಅದನ್ನು ತಳ್ಳಿಹಾಕಿದರು. ನ್ಯೂಯಾರ್ಕ್‌ನ ಚಿತ್ರಮಂದಿರದಲ್ಲಿ ಅದು ಕೆಲವೇ ದಿನಕ್ಕೆ ಎತ್ತಂಗಡಿಯಾಯಿತು.

ಅದೇ ನಿರ್ದೇಶಕ, ಅದೇ ಅಲುಗಾಡುವ ಕ್ಯಾಮೆರಾ, ನಾಲ್ಕೇ ವರ್ಷದ ಅಂತರ. ಬಾಂಬು ಆಕಾಶದಿಂದ ಬೀಳುವಾಗ ಅಮೆರಿಕದವರು ಆಸ್ಕರ್ ಕೊಟ್ಟರು, ಕೋವಿ ಹಿಡಿದವನು ತಮ್ಮ ಪಕ್ಕದ ಮನೆಯ ಹುಡುಗ ಎಂದಾಗ ಇದೆಂಥ ವಿಕಾರ ಎಂದರು. ನಿಮ್ಮ ಅನುಮಾನ ಸರಿ, ಮಾಸ್ತರರೇ. ಅದಕ್ಕೆ ನೀವು ಆರಿಸಿಕೊಂಡ ಉದಾಹರಣೆ ಮಾತ್ರ ಬೇರೆಯಾಗಬೇಕಿತ್ತು.

ಈ ಜಾತಿಯ ಚಿತ್ರಗಳೆಲ್ಲ ನನಗೆ ಪ್ರಿಯ ಎಂದೇನೂ ಇಲ್ಲ. 2024ರಲ್ಲಿ ವೆನಿಸ್‌ನಲ್ಲಿ ತೆರೆಕಂಡ ಆಸಿಫ್ ಕಪಾಡಿಯಾ ಅವರ '2073' ಇದೇ ಸಾಲಿನದು. ಸಮಾಂತಾ ಮಾರ್ಟನ್ ನಟಿಸಿದ ಒಬ್ಬಂಟಿ ಹೆಂಗಸು ನಾಳೆಯ ಪಾಳುಬಿದ್ದ ನಗರದಲ್ಲಿ ಅಡಗಿ ಬದುಕುತ್ತಾಳೆ. ಅದಕ್ಕೆ ಕಾರಣವೇನೆಂದು ತೋರಿಸಲು ನಮ್ಮ ಇವತ್ತಿನ ಸುದ್ದಿ ತುಣುಕುಗಳು, ಮರಿಯಾ ರೆಸ್ಸಾ, ರಾಣಾ ಅಯ್ಯೂಬ್ ಮೊದಲಾದ ಪತ್ರಕರ್ತರ ಮಾತುಗಳು. ವಿಮರ್ಶೆಗಳು ಇಬ್ಭಾಗವಾದವು. ಹವಾಮಾನ, ಸರ್ವಾಧಿಕಾರ, ಕಣ್ಗಾವಲು, ಶತಕೋಟ್ಯಧೀಶರು, ಎಲ್ಲವನ್ನೂ ಒಂದೇ ಮೂಟೆಗೆ ತುರುಕಿದ್ದಾರೆ, ಕಥೆಯ ಭಾಗ ಬಡಕಲಾಗಿದೆ ಎಂಬುದು ಮೆಚ್ಚದವರ ಆಕ್ಷೇಪ. ನಾನೂ ಅವರ ಕಡೆಗೇ ವಾಲುತ್ತೇನೆ. ಅಲ್ಲಿ ನಿಜವಾದದ್ದು ನಿಜದಂತೆ ಕಾಣುತ್ತದೆ, ಕಲ್ಪನೆ ಕಲ್ಪನೆಯಂತೆ. ಎರಡರ ನಡುವೆ ಜಗಳವೇ ಹತ್ತುವುದಿಲ್ಲ. ಒಂದೇ ಕ್ಷಿಪಣಿ, ಒಂದೇ ಪ್ರಾಂತ್ಯ, ಒಂದು ಬಕೆಟ್ ಉಂಗುರ ಎಂದು ವಾಟ್ಕಿನ್ಸ್ ತಮ್ಮ ಅಂಗಳವನ್ನು ಕಿರಿದು ಮಾಡಿಕೊಂಡದ್ದು ಸುಮ್ಮನೆ ಅಲ್ಲ.

ಕಡೆಯದಾಗಿ ಕೈಗಾ. ಆ ಸ್ಥಾವರ ಬೇಡವೆಂದು ಹಿಂದೆ ಶಿವರಾಮ ಕಾರಂತರೇ ನಿಮ್ಮ ಜಿಲ್ಲೆಯಲ್ಲಿ ಓಡಾಡಿದ್ದರು, ಹಾಗಾಗಿ ಈ ಪ್ರಶ್ನೆಗೆ ಉಡಾಫೆಯ ಉತ್ತರ ಕೊಡಲಾರೆ. ಚಿತ್ರ ಬಂದರೆ ಹೊಗಳುತ್ತೇನೆಯೇ? ಅದರಲ್ಲಿ ಏನಿದೆ ಎಂಬುದರ ಮೇಲೆ ಹೋಗುತ್ತದೆ. ರಿಯಾಕ್ಟರ್ ಎಂದರೆ ಅಣುಬಾಂಬು ಎಂದು ತಿಳಿದು ಅಣಬೆ ಮೋಡ ಎಬ್ಬಿಸಿದರೆ, ನಿಮಗಿಂತ ಮೊದಲು ನಾನೇ ಬೈದು ಬರೆಯುತ್ತೇನೆ. 1994ರಲ್ಲಿ ಕಟ್ಟುತ್ತಿದ್ದಾಗಲೇ ಕುಸಿದ ಗುಮ್ಮಟ, 2009ರಲ್ಲಿ ನೌಕರರು ಕುಡಿಯುವ ನೀರಿನ ಕೂಲರ್‌ನಲ್ಲಿ ಸಿಕ್ಕ ಟ್ರಿಟಿಯಮ್ ಎಂಬ ವಿಕಿರಣಶೀಲ ಜಲಜನಕ, ಘಟ್ಟದ ಒಂದೇ ರಸ್ತೆ, ಮಳೆಗಾಲದಲ್ಲಿ ಆ ರಸ್ತೆಯ ಸ್ಥಿತಿ, ಇಂಥದ್ದನ್ನು ಹಿಡಿದು ಹೀಗಾದರೆ ಏನಾದೀತು ಎಂದು ಕೇಳಿದರೆ ಕೂತು ನೋಡುತ್ತೇನೆ.

ಜನ ದಿಗಿಲು ಬೀಳುತ್ತಾರೆ ಎಂದಿರಿ. ಆದರೆ ಇಂಥ ಕಥೆಯನ್ನು ಸರ್ಕಾರವೇ ಆಗಾಗ ಆಡಿಸುತ್ತದಲ್ಲ! ಅಣು ಸ್ಥಾವರದ ಸುತ್ತ 16 ಕಿ.ಮೀ. ವಲಯಕ್ಕೆ ತುರ್ತು ಯೋಜನೆ ಇರಬೇಕು, ಅದರ ಮಾಕ್ ಡ್ರಿಲ್ ಆಗಬೇಕು ಎಂಬುದು ನಿಯಮ. 2025ರ ಮೇ ತಿಂಗಳಲ್ಲಿ ದೇಶಕ್ಕೆಲ್ಲ ನಾಗರಿಕ ರಕ್ಷಣೆಯ ಮಾಕ್ ಡ್ರಿಲ್ ಎಂದಾಗ ಕರ್ನಾಟಕದ ಪಟ್ಟಿಯಲ್ಲಿ ಬೆಂಗಳೂರು, ರಾಯಚೂರಿನ ಜೊತೆ ನಿಮ್ಮ ಕಾರವಾರವೂ ಇತ್ತು. ನಡೆಯದ ಅವಘಡ, ನಿಜವಾದ ಸೈರನ್, ಗಾಯವಿಲ್ಲದ ಗಾಯಾಳು, ನಿಜವಾದ ಸ್ಟ್ರೆಚರ್. ಊರಿನವರೇ ಪಾತ್ರಧಾರಿಗಳು. ಕೆಂಟ್‌ನಲ್ಲಿ ವಾಟ್ಕಿನ್ಸ್ ಮಾಡಿದ್ದೂ ಹೆಚ್ಚುಕಡಿಮೆ ಇದೇ. ಡ್ರಿಲ್ಲಿನಲ್ಲಿ ಎಲ್ಲವೂ ಅಂದುಕೊಂಡ ಹಾಗೆ ನಡೆದು ಅಧಿಕಾರಿಗಳು ಊಟಕ್ಕೆ ಹೋಗುತ್ತಾರೆ. ವಾಟ್ಕಿನ್ಸ್ ಚಿತ್ರದಲ್ಲಿ ರೊಟ್ಟಿಗಾಗಿ ದಂಗೆಯೇಳುವ, ದೋಚಿದವರನ್ನು ಪೊಲೀಸರೇ ಗುಂಡಿಟ್ಟು ಕೊಲ್ಲುವ ದಿನಗಳೂ ಬರುತ್ತವೆ.

ಸ್ಥಾವರದ ಸುತ್ತಲಿನ ಹಳ್ಳಿಗಳಲ್ಲಿ ನಿಮ್ಮ ಹಳೆಯ ವಿದ್ಯಾರ್ಥಿಗಳು ಇದ್ದೇ ಇರುತ್ತಾರೆ. ಅಂಥ ಡ್ರಿಲ್ಲಿನಲ್ಲಿ ಯಾರಿಗೆ ಏನು ಹೇಳಿದರು, ಯಾರನ್ನು ಬಸ್ಸು ಹತ್ತಿಸಿದರು, ವಿಕಿರಣದಿಂದ ಕಾಪಾಡುವ ಅಯೋಡಿನ್ ಮಾತ್ರೆ ಕೊಟ್ಟರೇ, ದನಕರುಗಳ ಗತಿಯೇನೆಂದು ಯಾರಾದರೂ ಕೇಳಿದರೇ ಎಂದು ವಿಚಾರಿಸಿ ನಮಗೊಂದು ಲೇಖನ ಬರೆದು ಕಳಿಸಿ. ಮುಂದಿನ ತಿಂಗಳ ಹತ್ತರೊಳಗೆ ತಲುಪಿದರೆ ಆ ಸಂಚಿಕೆಯಲ್ಲೇ ಹಾಕುತ್ತೇವೆ. ಕೈಬರಹವಾದರೂ ಅಡ್ಡಿಯಿಲ್ಲ, ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ.

– ಸಂ.